ಹೆಸರಾಂತ ರಾಕ್ ಕಲಾವಿದರು ತಮ್ಮದೇ ಕೆಲಸವಿರುವಾಗ ಬೇರೆಯವರೊಡನೆ ಸೇರಿ ‘ಸೂಪರ್‌ಗ್ರೂಪ್’ ಕಟ್ಟುವುದು ಹೇಗೆ?

ಯಕ್ಷಗಾನ ಮೇಳಗಳ (ತಂಡಗಳ) ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ಬೇರೆ ಬೇರೆ ಮೇಳಗಳ ಕಲಾವಿದರು ಮಂಗಳೂರು, ಉಡುಪಿಗಳಲ್ಲಿ ವೇಷ, ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೂಟಗಳಲ್ಲಿ ಒಟ್ಟಿಗೆ ಅರ್ಥ ಹೇಳುವುದನ್ನು ಕಂಡ ನಮ್ಮ ಕಡೆಯವರಿಗೆ ಇದು ತೀರಾ ಹೊಸ ಸಂಗತಿಯೇನಲ್ಲ. ಮೂಲ ತಂಡದ ನಂಟು ಕಡಿಯದೆ, ಬಿಡುವಿನಲ್ಲಿ ಕೂಡುವುದೇ ರಾಕ್ ಲೋಕದಲ್ಲೂ ಹೆಚ್ಚಾಗಿ ನಡೆಯುತ್ತದೆ.

ಇಂತಹ ತಂಡ ಆಕಸ್ಮಿಕವಾಗಿಯೂ ಹುಟ್ಟಬಹುದು ಎಂಬುದಕ್ಕೆ ಟ್ರಾವೆಲಿಂಗ್ ವಿಲ್ಬರೀಸ್ ಒಳ್ಳೆಯ ಉದಾಹರಣೆ. 1988ರಲ್ಲಿ ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್ ಅವರಿಗೆ ಸಿಂಗಲ್ (ಒಂದು ಮುಖ್ಯ ಹಾಡಿನ ಚಿಕ್ಕ ರೆಕಾರ್ಡ್) ಒಂದರ ಹಿಂಬದಿಗೆ ಇನ್ನೊಂದು ಹಾಡು ಬೇಕಾಗಿತ್ತು. ಸಂಗೀತಗಾರರಾದ ಜೆಫ್ ಲಿನ್ ಮತ್ತು ರಾಯ್ ಆರ್ಬಿಸನ್ ಜೊತೆಗಿದ್ದರು. ಧ್ವನಿಮುದ್ರಣಕ್ಕೆ ಗಾಯಕ ಬಾಬ್ ಡಿಲನ್ ಅವರ ಗ್ಯಾರೇಜಿನ ಸ್ಟುಡಿಯೊ ಸಿಕ್ಕಿತು. ರಾಕ್ ಗಾಯಕ ಟಾಮ್ ಪೆಟಿಯವರ ಮನೆಯಲ್ಲಿ ಉಳಿದಿದ್ದ ತಮ್ಮ ಗಿಟಾರನ್ನು ತರಲು ಹೋದ ಹ್ಯಾರಿಸನ್, ಪೆಟಿಯವರನ್ನೂ ಕರೆದುಕೊಂಡು ಬಂದರು. ಅಲ್ಲಿದ್ದ ಪೆಟ್ಟಿಗೆಯೊಂದರ ಮೇಲೆ ಅಂಟಿಸಿದ್ದ ‘ಹ್ಯಾಂಡಲ್ ವಿತ್ ಕೇರ್’ ಎಂಬ ಚೀಟಿಯೇ ಹಾಡಿನ ಹೆಸರಾಯಿತು. ಹಿಂಬದಿಯಲ್ಲಿ ಹಾಕಿ ಮುಗಿಸುವಂಥ ಹಾಡು ಇದಲ್ಲವೆಂದು ರೆಕಾರ್ಡ್ ಕಂಪನಿಗೆ ಅನ್ನಿಸಿದ್ದರಿಂದ ಕೆಲಸ ಬೆಳೆದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಡೀ ಆಲ್ಬಮ್ಮೇ ಹೊರಬಂತು. ಡಿಲನ್ ಅವರೂ ಸೇರಿ ಈ ಐವರೂ ಸ್ವಂತ ಹೆಸರು ಬಿಟ್ಟು ‘ವಿಲ್ಬರಿ’ ಎಂಬ ಕಾಲ್ಪನಿಕ ಮನೆತನದ ಅಣ್ಣತಮ್ಮಂದಿರಾದದ್ದು, ನನ್ನ ದೃಷ್ಟಿಯಲ್ಲಿ, ಯಾರು ದೊಡ್ಡವರೆಂಬ ಪ್ರಶ್ನೆಯನ್ನೇ ಬದಿಗಿಟ್ಟ ಜಾಣ್ಮೆ.

ಎರಿಕ್ ಕ್ಲಾಪ್ಟನ್, ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್ 1966ರಲ್ಲಿ ಕಟ್ಟಿದ ಕ್ರೀಮ್ ಇದಕ್ಕೆ ತದ್ವಿರುದ್ಧ. ಅದು ಮೂವರಿಗೂ ಬಿಡುವಿನ ಹವ್ಯಾಸವಾಗಿರದೆ ಪೂರ್ಣಾವಧಿಯ ಬ್ಯಾಂಡ್ ಆಗಿತ್ತು. ಬ್ರೂಸ್ ಮತ್ತು ಬೇಕರ್ ನಡುವೆ ಹಿಂದಿನ ತಂಡದಿಂದಲೇ ಇದ್ದ ಜಗಳವೂ ಸೇರಿಕೊಂಡು 1968ರಲ್ಲೇ ಅದು ಒಡೆಯಿತು.