‘ತಿಳಿದುಕೊಂಡು ಏನು ಮಾಡ್ತೀರಿ?’

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದ ಪ್ರಕರಣ)

ಮೂವತ್ತರ ಆಸುಪಾಸಿನ ಯುವಕ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಕೆಲಸದ ಮೇಲೆ ಗಮನ ನಿಲ್ಲುತ್ತಿಲ್ಲ ಎಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದರು. ಮಾತು ಬೆಳೆದಂತೆ ವಿಷಯ ಬೇರೆಯೇ ಇತ್ತು. ಚಿಕ್ಕಂದಿನಲ್ಲಿ ಟೇಕ್ವಾಂಡೋ ಕಲಿತಿದ್ದ ಅವರು ಬಹಳ ವರ್ಷ ಬಿಟ್ಟು ಈಗ ಬ್ರೆಜಿಲಿಯನ್ ಜಿಯು-ಜಿತ್ಸು (ಎದುರಾಳಿಯನ್ನು ನೆಲಕ್ಕೆ ಕೆಡವಿ ಹಿಡಿತ ಹಾಕಿ ಸೋಲಿಸುವ ಕಲೆ) ತರಗತಿಗೆ ಸೇರಿದ್ದರು. ಅಲ್ಲಿ ಯಾರೂ ತನ್ನ ಜೊತೆ ಆಡಲು ಮುಂದೆ ಬರುತ್ತಿಲ್ಲ, ಜೋಡಿ ಮಾಡಿಕೊಳ್ಳುವಾಗ ಎಲ್ಲರೂ ಬೇರೆ ಕಡೆ ನೋಡುತ್ತಾರೆ ಎಂಬುದು ಅವರ ನೋವು.

“ನಾನು ಯಾರಿಗೂ ಪೆಟ್ಟು ಮಾಡಿಲ್ಲ ಮೇಡಂ. ಎಲ್ಲರ ಹತ್ತಿರ ನಾನೇ ಹೋಗಿ ಮಾತಾಡಿಸ್ತೀನಿ. ಆದರೂ ಹೀಗೆ.”

ಏನು ಮಾತಾಡಿಸುತ್ತೀರಿ ಎಂದು ಕೇಳಿದೆ. “ಯಾವ ಬೆಲ್ಟ್ ಅಂತ ಕೇಳ್ತೀನಿ. ಅದರಲ್ಲೇನಿದೆ?”

ಅವರು ಹೋಗುತ್ತಿದ್ದದ್ದು ‘ನೋ-ಗೀ’ ತರಗತಿಗೆ. ಅಲ್ಲಿ ದಪ್ಪ ಬಟ್ಟೆಯ ಸಮವಸ್ತ್ರವಿಲ್ಲ, ಕಲಿಕೆಯ ದರ್ಜೆಯನ್ನು ಬಣ್ಣದಿಂದ ತೋರಿಸುವ ಬೆಲ್ಟೂ ಸೊಂಟಕ್ಕಿಲ್ಲ. ಮೈಗಂಟುವ ಅಂಗಿ, ಚಡ್ಡಿ, ಅಷ್ಟೇ. ಯಾರು ಎಷ್ಟು ಕಲಿತವರು ಎಂದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಹಾಗಾಗಿ ಕೈ ಕುಲುಕುವ ಮೊದಲೇ ಇವರ ಪ್ರಶ್ನೆ ಹೊರಡುತ್ತಿತ್ತು. ಸೋತ ಮೇಲೂ ಅದೇ ಪ್ರಶ್ನೆ. ಒಂದು ದಿನ ತಮಗಿಂತ ಎಷ್ಟೋ ಸಣ್ಣ ಮೈಕಟ್ಟಿನ ಮಹಿಳೆಯೊಬ್ಬರು ಇವರ ಕುತ್ತಿಗೆಗೆ ಹಿಡಿತ ಹಾಕಿದರು. ಇವರು ಟ್ಯಾಪ್ ಮಾಡಿ (ಸೋಲೊಪ್ಪಿದೆ ಎಂದು ಕೈಯಿಂದ ತಟ್ಟಿ) ಬಿಡಿಸಿಕೊಂಡು, ಉಸಿರು ಸರಿಹೋಗುವ ಮೊದಲೇ, ಸುತ್ತ ಜನ ಇರುವಾಗಲೇ, “ನಿಮ್ಮದು ಯಾವ ಬೆಲ್ಟ್?” ಎಂದರು. ಆಕೆ ಕೂದಲು ಸರಿಮಾಡಿಕೊಳ್ಳುತ್ತಾ, “ತಿಳಿದುಕೊಂಡು ಏನು ಮಾಡ್ತೀರಿ?” ಎಂದು ಕೇಳಿ ಇನ್ನೊಬ್ಬರ ಜೊತೆ ಆಡಲು ಹೊರಟುಹೋದರು.

ಇವರು ಅದನ್ನು ಅವಮಾನವೆಂದು ತೆಗೆದುಕೊಂಡಿದ್ದರು. ನನಗೆ ಹಾಗನ್ನಿಸಲಿಲ್ಲ. ಆಕೆ ಕೇಳಿದ್ದು ಒಳ್ಳೆಯ ಪ್ರಶ್ನೆ. ನಮ್ಮ ಮುಂದಿನ ಭೇಟಿಗಳೆಲ್ಲ ಅದರ ಸುತ್ತಲೇ ನಡೆದವು.

“ಆಕೆ ಬ್ರೌನ್ ಬೆಲ್ಟ್ ಎಂದಿದ್ದರೆ ಏನಾಗುತ್ತಿತ್ತು?”

“ಸಮಾಧಾನ ಆಗ್ತಿತ್ತು. ಸೋತಿದ್ದು ಸಹಜ ಅಂತ.”

“ಹೊಸಬರ ವೈಟ್ ಎಂದಿದ್ದರೆ?”

ತುಂಬ ಹೊತ್ತು ಸುಮ್ಮನಿದ್ದರು. “ಅವತ್ತು ರಾತ್ರಿ ನಿದ್ದೆ ಬರ್ತಿರಲಿಲ್ಲ.”

ನಿದ್ದೆಯ ತೊಂದರೆಯ ಬುಡ ಇಲ್ಲಿತ್ತು. ಇವರು ಬೆಳೆದ ಮನೆಯಲ್ಲಿ ಯಾರೇ ಬಂದರೂ ಮೊದಲು ಕೇಳುತ್ತಿದ್ದದ್ದು ಎಷ್ಟು ಅಂಕ, ಎಷ್ಟನೇ ಸ್ಥಾನ ಎಂದು. ಎದುರಿಗಿರುವವರು ತನಗಿಂತ ಮೇಲೋ ಕೆಳಗೋ ಎಂದು ಗೊತ್ತಾಗದೆ ಅವರ ಜೊತೆ ಹೇಗೆ ನಡೆದುಕೊಳ್ಳಬೇಕೆಂಬುದೇ ಇವರಿಗೆ ತಿಳಿಯುತ್ತಿರಲಿಲ್ಲ. ಜಂಬದಿಂದ ಕೇಳುತ್ತಿದ್ದಾರೆಂದು ತರಗತಿಯವರು ಭಾವಿಸಿದ್ದರು. ನನ್ನ ಮುಂದೆ ಕುಳಿತಿದ್ದವರು ಹೆದರಿದ್ದರು.

ಇನ್ನೂ ಒಂದು ವಿಷಯವಿತ್ತು. ತಾನು ಟೇಕ್ವಾಂಡೋ ಬ್ಲ್ಯಾಕ್ ಬೆಲ್ಟ್ ಎಂದು ಎಲ್ಲರಿಗೂ ಹೇಳಿಕೊಂಡಿದ್ದರು. ನಿಜವಾಗಿ ಅವರಿಗೆ ಹದಿಮೂರನೇ ವಯಸ್ಸಿನಲ್ಲಿ ಸಿಕ್ಕಿದ್ದು ‘ಪೂಮ್’. ಟೇಕ್ವಾಂಡೋದಲ್ಲಿ ಹದಿನೈದು ತುಂಬದ ಮಕ್ಕಳಿಗೆ ‘ದಾನ್’ (ಕಪ್ಪು ಬೆಲ್ಟಿನ ದರ್ಜೆ) ಬದಲು ಕೊಡುವ ಶ್ರೇಣಿ ಅದು. ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ವಯಸ್ಸಾದ ಮೇಲೆ ಅದನ್ನು ದಾನ್ ಆಗಿ ಬದಲಿಸಿಕೊಳ್ಳಬಹುದು, ಇವರು ಬದಲಿಸಿಕೊಂಡಿರಲಿಲ್ಲ. ಹದಿಮೂರರ ಹುಡುಗ ಬೆವರು ಸುರಿಸಿ ಗಳಿಸಿದ್ದನ್ನು ಈ ಮನುಷ್ಯ ಸುಳ್ಳು ಸರ್ಟಿಫಿಕೇಟಿನಂತೆ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದದ್ದು ನೋಡಿ ನನಗೆ ಬಹಳ ಸಂಕಟವಾಯಿತು. ಬೇರೆಯವರು ಕೇಳುವ ಮೊದಲೇ ತಾನು ಕೇಳಿಬಿಟ್ಟರೆ ತನ್ನ ವಿಷಯ ಬರುವುದಿಲ್ಲ ಎಂಬ ಲೆಕ್ಕವೂ ಆ ಪ್ರಶ್ನೆಯೊಳಗೆ ಇತ್ತು.

ಬೆಲ್ಟ್ ಪದ್ಧತಿ ಸಾವಿರಾರು ವರ್ಷದ್ದು, ಮನುಷ್ಯನ ಯೋಗ್ಯತೆ ಅಳೆಯಲೆಂದೇ ಹುಟ್ಟಿದ್ದು ಎಂದು ಅವರು ನಂಬಿದ್ದರು. ಹಾಗಲ್ಲವೆಂದು ವಿವರಿಸಿದೆ. ಕಾನೋ ಜಿಗೊರೊ ಜಪಾನಿನಲ್ಲಿ ಕೊಡೊಕಾನ್ ಜೂಡೋ ಶುರುಮಾಡಿದ್ದು 1882ರಲ್ಲಿ. ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ದಾನ್ ಕೊಟ್ಟರು. ಕಪ್ಪು ಪಟ್ಟಿ ಬಂದದ್ದು ಅದಕ್ಕೂ ಕೆಲವು ವರ್ಷ ತಡವಾಗಿ. ಕರಾಟೆಯಲ್ಲಿ ಫುನಾಕೋಶಿ ಗಿಚಿನ್ ಮೊದಲ ದಾನ್‌ಗಳನ್ನು ಕೊಟ್ಟದ್ದು 1924ರಲ್ಲಿ. ಜಪಾನಿನ ಕತ್ತಿವರಸೆಯಾದ ಕೆಂಡೋದಲ್ಲಿ ದಾನ್ ಇದ್ದರೂ ಅದರ ಗುರುತು ಮೈಮೇಲೆ ಇರುವುದಿಲ್ಲ. ಬಾಕ್ಸಿಂಗ್‌ನಲ್ಲಿ, ಕುಸ್ತಿಯಲ್ಲಿ ಇಂಥ ಬಣ್ಣದ ಶ್ರೇಣಿಯೇ ಇಲ್ಲ. ಒಂದೇ ಬಣ್ಣ ಎಲ್ಲ ಕಡೆ ಒಂದೇ ತೂಕದ್ದೂ ಅಲ್ಲ. ಜಿಯು-ಜಿತ್ಸುವಿನಲ್ಲಿ ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ, ಎಷ್ಟೋ ಜನ ವರ್ಷಗಟ್ಟಲೆ ಬಿಳಿಯ ನಂತರದ ನೀಲಿಯಲ್ಲೇ ಇರುತ್ತಾರೆ. ಮಗು ಹುಟ್ಟಿತೆಂದು, ಮೊಣಕಾಲು ಕೆಟ್ಟಿತೆಂದು, ಹಣ ಸಾಲದೆಂದು ನಡುವೆ ಬಿಟ್ಟು ಮತ್ತೆ ಬಂದವರಿರುತ್ತಾರೆ. ಅಂಥವರಿಗೆ “ಇನ್ನೂ ನೀಲಿಯೇನಾ?” ಎಂದರೆ ಆ ‘ಇನ್ನೂ’ ಎಂಬುದು ಎಷ್ಟು ಚುಚ್ಚುತ್ತದೆಂದು ಕೇಳಿದವರಿಗೆ ಅಂದಾಜೂ ಇರುವುದಿಲ್ಲ.

ಹಾಗಾದರೆ ಕೇಳಲೇಬಾರದೇ ಎಂದರು. ಕೇಳುವುದೇ ಅಸಭ್ಯ ಎನ್ನುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಕಲಿಸುವವರನ್ನು ಕೇಳಲೇಬೇಕು. ನಮ್ಮ ಮೈಯನ್ನು, ಅದಕ್ಕಿಂತ ಹೆಚ್ಚಾಗಿ ನಮ್ಮ ಮಕ್ಕಳನ್ನು ಒಬ್ಬರ ಕೈಗೆ ಒಪ್ಪಿಸುವಾಗ ಅವರ ದರ್ಜೆ ಏನು, ಕೊಟ್ಟವರು ಯಾರು, ಯಾವ ಸಂಸ್ಥೆಯಿಂದ ಎಂದು ವಿಚಾರಿಸುವುದು ನಮ್ಮ ಹಕ್ಕು. ತರಗತಿಯ ನಡುವೆ ಕೂಗಿ ಕೇಳುವುದು ಬೇಡ. ಮುಗಿದ ಮೇಲೆ, ಪಕ್ಕಕ್ಕೆ ಕರೆದು, “ಸೇರುವ ಮೊದಲು ನಿಮ್ಮ ಕಲಿಕೆಯ ಬಗ್ಗೆ ತಿಳಿಯಬೇಕಿತ್ತು” ಎಂದರೆ ಸರಿಯಾದ ಗುರು ಬೇಸರಪಡುವುದಿಲ್ಲ. ಮುಖ ಗಂಟಿಕ್ಕಿದರೆ, ಮಾತು ಹಾರಿಸಿದರೆ, ಅದೂ ಒಂದು ಉತ್ತರವೇ.

ಜೊತೆಗೆ ಆಡುವವರ ವಿಷಯದಲ್ಲಿ ನಾನು ಕೊಟ್ಟ ಸಲಹೆ ಆಕೆಯ ಮಾತನ್ನೇ ಅಳತೆಗೋಲು ಮಾಡಿಕೊಳ್ಳಿ ಎಂದು. ಉತ್ತರ ಸಿಕ್ಕರೆ ನೀವು ಮಾಡುವ ಕೆಲಸ ಬದಲಾಗುತ್ತದೆಯೇ? ಹಾಗಿದ್ದರೆ ಕೇಳಿ. ನಿಮ್ಮ ಮನಸ್ಸಿನ ಏರಿಳಿತ ಮಾತ್ರ ಬದಲಾಗುತ್ತದೆಯೇ? ಬಾಯಿಗೆ ಬಂದದ್ದನ್ನು ನುಂಗಿಕೊಳ್ಳಿ, ಬೇಕಾದರೆ ನನ್ನ ಹತ್ತಿರ ಬಂದು ಹೇಳಿ. ಆಡುವ ಮೊದಲು ನಿಜಕ್ಕೂ ಬೇಕಾದ ಮಾಹಿತಿ ಬೆಲ್ಟಿನಲ್ಲಿ ಸಿಗುವುದಿಲ್ಲ: ಎಲ್ಲಾದರೂ ನೋವಿದೆಯೇ, ಕಾಲಿನ ಹಿಡಿತ ಹಾಕಬಹುದೇ, ನಿಧಾನಕ್ಕೆ ಆಡೋಣವೇ. ಅನುಭವ ತಿಳಿಯಲೇಬೇಕಿದ್ದರೆ ಮೊದಲು ನಿಮ್ಮದನ್ನು ಹೇಳಿ: “ನಾನು ಹೊಸಬ, ನೀವು ತುಂಬ ದಿನದಿಂದ ಬರ್ತಿದ್ದೀರಾ?” ಬೆಲ್ಟ್ ಹೇಳಬೇಕೋ ಬೇಡವೋ ಅವರಿಗೆ ಬಿಟ್ಟದ್ದು.

ಸೋತ ಮೇಲೆ ಕೇಳಬೇಕಾದದ್ದು ಒಂದೇ: “ಆ ಹಿಡಿತ ಹೇಗೆ ಹಾಕಿದಿರಿ?” ಇದನ್ನು ಅವರಿಂದ ನನ್ನ ಕೋಣೆಯಲ್ಲೇ ಮತ್ತೆ ಮತ್ತೆ ಹೇಳಿಸಿದೆ. ಮೊದಮೊದಲು ಬಾಯಿಪಾಠದಂತೆ ಬಂತು. ಗಂಟಲು ಕಟ್ಟುತ್ತಿತ್ತು. ಸೋಲನ್ನು ಒಪ್ಪಿಕೊಂಡ ಮಾತು ಅದು, ಸುಲಭವಲ್ಲ.

ತನ್ನನ್ನು ಯಾರಾದರೂ ಕೇಳಿದರೆ ಏನು ಹೇಳಬೇಕೆಂಬುದನ್ನೂ ಸಿದ್ಧಮಾಡಿಕೊಂಡೆವು. “ಚಿಕ್ಕವನಿದ್ದಾಗ ಟೇಕ್ವಾಂಡೋದಲ್ಲಿ ಪೂಮ್ ಮಾಡಿದ್ದೆ. ಇಲ್ಲಿ ವೈಟ್.” ಕಲೆಯ ಹೆಸರು, ದರ್ಜೆ, ಅಷ್ಟೇ. ಸಮಜಾಯಿಷಿ ಬೇಡ. ಈ ಕಲೆಗಳನ್ನು ಕಲಿಯದ ಪರಿಚಿತರು “ಹಾಗಾದ್ರೆ ಹತ್ತು ಜನರನ್ನ ಹೊಡೀತೀರಾ?” ಎಂದು ಶುರುಮಾಡಿದರೆ ನಕ್ಕು ಬೇರೆ ಮಾತಿಗೆ ಹೊರಳಿದರಾಯಿತು.

ಆ ಮಹಿಳೆಯ ಬಳಿ ಹೋಗಿ ಮಾತಾಡಬೇಕೇ ಎಂಬ ಬಗ್ಗೆ ನಮ್ಮಲ್ಲಿ ಚರ್ಚೆಯಾಯಿತು. ಉದ್ದದ ಕ್ಷಮಾಪಣೆ ಆಕೆಗೆ ಇನ್ನೊಂದು ಹೊರೆಯಾಗಬಹುದು, ಎರಡು ಮಾತು ಸಾಕು ಎಂದೆ. “ಅವತ್ತು ಎಲ್ಲರ ಮುಂದೆ ಹಾಗೆ ಕೇಳಬಾರದಿತ್ತು” ಎಂದಷ್ಟೇ ಹೇಳಿ ಬಂದರಂತೆ. ಆಕೆ ಸರಿ ಎಂದು ತಲೆಯಾಡಿಸಿದರಂತೆ. ಮುಂದಿನ ವಾರ ಜೋಡಿ ಸಾಲದೆ ಇದ್ದಾಗ ತಾವಾಗಿಯೇ ಇವರನ್ನು ಕರೆದು, ಕುತ್ತಿಗೆಯ ಹಿಡಿತದಿಂದ ಬಿಡಿಸಿಕೊಳ್ಳಲು ಗದ್ದ ಎಲ್ಲಿಡಬೇಕೆಂದು ತೋರಿಸಿಕೊಟ್ಟರು. ಆಕೆಯ ಬೆಲ್ಟ್ ಯಾವುದೆಂದು ಇವರಿಗೆ ಈಗಲೂ ಗೊತ್ತಿಲ್ಲ.

ನಿದ್ದೆ ಸುಧಾರಿಸಿದೆ. ಆದರೆ ಕಚೇರಿಯಲ್ಲಿ ಹೊಸಬರು ಬಂದ ಕೂಡಲೇ ಅವರ ಸಂಬಳ ಎಷ್ಟಿರಬಹುದೆಂದು ಮನಸ್ಸು ಲೆಕ್ಕ ಹಾಕುವುದು ನಿಂತಿಲ್ಲ. ಅದನ್ನು ಅವರೇ ಗುರುತಿಸಿ ನನ್ನ ಮುಂದಿಟ್ಟರು. ಸದ್ಯ ಅದರ ಮೇಲೆ ಕೆಲಸ ಮಾಡುತ್ತಿದ್ದೇವೆ.