ನೀರಲ್ಲಿ ಮುಳುಗಿ ಎದ್ದ ತಕ್ಷಣ ಪಾಪ ಹೋಗುತ್ತಾ?

ಎರಡು ವರ್ಷದಿಂದ ಯೇಸುವನ್ನ ನಂಬ್ತಿದೀನಿ, ಚರ್ಚಲ್ಲಿ ಎಲ್ರೂ ದೀಕ್ಷಾಸ್ನಾನ (ಬ್ಯಾಪ್ಟಿಸಂ, ಕ್ರೈಸ್ತರಾಗೋಕೆ ನೀರಲ್ಲಿ ಮಾಡೋ ವಿಧಿ) ತಗೋ ತಗೋ ಅಂತಿದಾರೆ, ಮುಳುಗಿ ಎದ್ರೆ ಪಾಪ ಹೋಗುತ್ತಾ, ತಗೊಳ್ದೆ ಸತ್ರೆ ನರಕಾನಾ ಅಂತ ಕೇಳಿದೀರ. ನಾನು ಪಾಸ್ಟರ್ ಅಲ್ಲ, ಇಪ್ಪತ್ತೆರಡನೇ ವಯಸ್ಸಲ್ಲಿ ತಗೊಂಡವನು ಅಷ್ಟೇ, ಆ ಲೆಕ್ಕದಲ್ಲೇ ಓದ್ಕೊಳ್ಳಿ.

ಅರ್ಧ ಗೊಂದಲ ಬರೋದೇ ನಮ್ಮ ಪದದಿಂದ ಅನ್ಸುತ್ತೆ. ಸ್ನಾನ ಅಂದ ಕೂಡ್ಲೇ ಸೋಪು, ಕೊಳೆ ನೆನಪಾಗುತ್ತೆ, ಮೈ ಕೊಳೆ ಹೋದ ಹಾಗೆ ಪಾಪಾನೂ ನೀರಲ್ಲಿ ಹೋಗುತ್ತೇನೋ ಅಂತ. ಬೈಬಲಲ್ಲಿ ಇದಕ್ಕಿರೋ ಮೂಲ ಪದ, ಗ್ರೀಕಿನ ಬಾಪ್ಟಿಜೋ, ಅಂದ್ರೆ ಅದ್ದೋದು, ಮುಳುಗಿಸೋದು. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ, ಬೈಬಲಲ್ಲಿರೋ ಪತ್ರದ 6ನೇ ಅಧ್ಯಾಯ ತೆಗೆದು ನೋಡಿ, ಅಲ್ಲಿ ಇರೋದು ಸಮಾಧಿ ಮಾತು: ಕ್ರಿಸ್ತನ ಜೊತೆ ಸತ್ತು, ಅವನ ಜೊತೆ ಹೂಣಿಸ್ಕೊಂಡು, ಅವನು ಎದ್ದ ಹಾಗೆ ಹೊಸ ಜೀವಕ್ಕೆ ಏಳೋದು. ತೊಳೆಯೋ ಮಾತೂ ಬೈಬಲಲ್ಲಿ ಇದೆ, ಇಲ್ಲ ಅನ್ನಲ್ಲ, ಅನನೀಯ ಅನ್ನೋ ಶಿಷ್ಯ ಪೌಲನಿಗೇ ಹಾಗೆ ಹೇಳ್ತಾನೆ. ಆದ್ರೆ ಯೇಸುವಿನ ಶಿಷ್ಯ ಪೇತ್ರ ತನ್ನ ಮೊದಲ ಪತ್ರದಲ್ಲಿ ಇದು ಮೈ ಕೊಳೆ ತೆಗೆಯೋ ಕೆಲಸ ಅಲ್ಲ ಅಂತ ಬಿಡಿಸಿ ಹೇಳಿಬಿಟ್ಟಿದಾನೆ.

ನನಗೆ ಇದು ಓದಿ ಅರ್ಥ ಆಗಿದ್ದಲ್ಲ. ನೀರಂದ್ರೆ ನನಗೆ ಮೊದಲಿಂದ್ಲೂ ಭಯ. ಎದೆಮಟ್ಟ ನೀರಿದ್ದ ತೊಟ್ಟಿಯಲ್ಲಿ ನಿಂತಿದೀನಿ, ಪಾಸ್ಟರ್ ಒಂದು ಕೈ ಬೆನ್ನಿಗೆ ಕೊಟ್ಟು, ಇನ್ನೊಂದು ಕೈಯಲ್ಲಿ ನಾನು ಮೂಗು ಹಿಡ್ಕೊಂಡಿದ್ದ ಕೈನೇ ಹಿಡ್ಕೊಂಡು, ತಂದೆಯ ಮಗನ ಪವಿತ್ರಾತ್ಮನ ಹೆಸರಲ್ಲಿ ಅಂತ ಹೇಳಿ ಹಿಂದಕ್ಕೆ ಮಲಗಿಸಿದ್ರು, ಥೇಟ್ ಹೆಣ ಮಲಗಿಸಿದ ಹಾಗೆ. ಕಿವಿಗೆ ನೀರು ತುಂಬಿ ಹಾಡು ನಿಂತೋಯ್ತು. ನೆಲ ಸಿಗ್ಲಿಲ್ಲ, ಉಸಿರಿಲ್ಲ, ಎರಡು ಸೆಕೆಂಡೂ ಇರ್ಲಿಲ್ಲ ಬಿಡಿ. ಆದ್ರೆ ನಾನಾಗೇ ಏಳಕ್ಕಾಗಲ್ಲ, ಯಾರಾದ್ರೂ ಎತ್ತಲೇಬೇಕು ಅನ್ನೋದು ಆವಾಗ ಗೊತ್ತಾಯ್ತು.

ಮಾರನೇ ದಿನ ಅದೇ ಕೋಪ, ಅದೇ ಸುಳ್ಳು. ಬಹಳ ಕುಸಿದುಹೋಗಿದ್ದೆ, ಮ್ಯಾಜಿಕ್ ಆಗುತ್ತೆ ಅಂದ್ಕೊಂಡಿದ್ದೆ ನೋಡಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ಮಂತ್ರವಾದಿ ಸೀಮೋನನೂ ದೀಕ್ಷಾಸ್ನಾನ ತಗೋತಾನೆ, ಆಮೇಲೆ ದುಡ್ಡು ಕೊಟ್ಟು ಪವಿತ್ರಾತ್ಮನ ಶಕ್ತಿ ಕೊಂಡ್ಕೊಳ್ಳೋಕೆ ಹೋಗಿ ಪೇತ್ರನ ಕೈಲಿ ಉಗಿಸ್ಕೋತಾನೆ. ಇನ್ನು ನರಕದ ಪ್ರಶ್ನೆಗೆ, ಯೇಸುವಿನ ಪಕ್ಕದ ಶಿಲುಬೆ ಮೇಲಿದ್ದ ಕಳ್ಳನಿಗೆ ಯಾರು ದೀಕ್ಷಾಸ್ನಾನ ಕೊಟ್ರು ಹೇಳಿ? ಇವತ್ತೇ ನನ್ನ ಜೊತೆ ಪರದೈಸಿನಲ್ಲಿ (ಸ್ವರ್ಗದಲ್ಲಿ) ಇರ್ತೀಯ ಅಂದ ಯೇಸು. ಹಾಗಂತ ಬೇಡ ಅಂತಲ್ಲ, ಮತ್ತಾಯ 28ರಲ್ಲಿ ಆಜ್ಞೆ ಕೊಟ್ಟವನೂ ಅವನೇ. ದೀಕ್ಷೆ ಅನ್ನೋ ಪದ ಹೇಳೋ ಹಾಗೆ ಅಲ್ಲಿಂದ ಶುರು, ಹಳೇ ಬದುಕಿಗೆ ಸಾಯೋದು ದಿನಾ ನಡೀತಾ ಇರುತ್ತೆ.

ಇಲ್ಲಿ ಎಲ್ಲಾ ಕ್ರೈಸ್ತ ಪಂಗಡಗಳೂ ಒಂದೇ ಮಾತು ಆಡಲ್ಲ, ಅದೂ ಗೊತ್ತಿರ್ಲಿ. ಕ್ಯಾಥೊಲಿಕರು, ಆರ್ಥೊಡಾಕ್ಸ್, ಲೂಥರನ್ನರು ಕೂಸುಗಳಿಗೇ ಕೊಡ್ತಾರೆ, ದೇವರ ಕೃಪೆ ನಮ್ಮ ತಿಳುವಳಿಕೆಗೆ ಕಾಯಲ್ಲ ಅನ್ನೋದು ಅವರ ವಾದ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟ್ ಕಡೆಯವರು ನಂಬಿದ ಮೇಲೇ ಅಂತಾರೆ. ಈ ಜಗಳಕ್ಕೆ ಜೀವಗಳೇ ಹೋಗಿವೆ, 1525ರಲ್ಲಿ ಜೂರಿಕ್‌ನಲ್ಲಿ ಕೂಸಾಗಿದ್ದಾಗ್ಲೇ ತಗೊಂಡಿದ್ದ ದೊಡ್ಡವರು ಮತ್ತೆ ದೀಕ್ಷಾಸ್ನಾನ ತಗೊಳ್ಳೋಕೆ ಶುರು ಮಾಡಿದ್ರು, 1527ರಲ್ಲಿ ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಜ್‌ನನ್ನ ಅಲ್ಲಿನ ನದೀಲೇ ಮುಳುಗಿಸಿ ಕೊಂದ್ರು, ಅದೂ ಕ್ರೈಸ್ತರೇ. ಮುಳುಗಿಸ್ಬೇಕಾ ಸುರಿದ್ರೆ ಸಾಕಾ ಅನ್ನೋದಕ್ಕೆ ನಾನು ತಲೆ ಕೆಡಿಸ್ಕೊಳ್ಳಲ್ಲ, ದಿದಾಖೆ ಅನ್ನೋ ಬಹಳ ಹಳೇ ಕ್ರೈಸ್ತ ಬರಹದಲ್ಲೇ ಹರಿಯೋ ನೀರಿಲ್ದಿದ್ರೆ ಬೇರೆ ನೀರು, ಅದೂ ಸಾಕಷ್ಟು ಇಲ್ದಿದ್ರೆ ತಲೆ ಮೇಲೆ ಮೂರು ಸಲ ಸುರೀರಿ ಅಂತಿದೆ.

ನಿಮ್ಮ ವಿಷಯಕ್ಕೆ ಬಂದ್ರೆ, ಇನ್ನೊಬ್ಬರ ಒತ್ತಾಯಕ್ಕೆ ಮಾತ್ರ ಇಳೀಬೇಡಿ. ಅದೇ ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ, ಅಂದ್ರೆ ರಾಣಿಯ ಅಧಿಕಾರಿ, ಇದಾನಲ್ಲ, ಅವನಿಗೆ ಯೇಸುವಿನ ವಿಷಯ ಹೇಳಿದ ಫಿಲಿಪ್ಪ ಬಲವಂತ ಮಾಡ್ಲಿಲ್ಲ, ಅವನೇ ದಾರೀಲಿ ನೀರು ನೋಡಿ ನಂಗೇನು ಅಡ್ಡಿ ಅಂತ ರಥ ನಿಲ್ಲಿಸ್ದ. ನಿಮಗೂ ಹಾಗೆ ಅನ್ಸಿದ ದಿನ ತಡ ಮಾಡ್ಬೇಡಿ. ಟವೆಲ್ಲು, ಬದಲು ಬಟ್ಟೆ ತಗೊಂಡೋಗಿ, ನಾನು ಮರೆತು ಒದ್ದೆ ಪ್ಯಾಂಟಲ್ಲೇ ಎರಡು ಗಂಟೆ ಆರಾಧನೆಗೆ ನಿಂತಿದ್ದೆ.