ಫಿಶರ್‌ಗೆ ಬೊಟಾಕ್ಸೋ, ಶಸ್ತ್ರಚಿಕಿತ್ಸೆಯೋ?

ಎರಡು ತಿಂಗಳು ಡಿಲ್ಟಿಯಾಜೆಮ್ ಮುಲಾಮು ಹಚ್ಚಿದರೂ ಗುದದ ಬಿರುಕು (ಫಿಶರ್) ಮಾಯಲಿಲ್ಲ, ಮುಂದೇನು ಎಂದು ಕೇಳಿದ್ದೀರಿ. ಬಿಗಿದುಕೊಂಡ ಒಳಸ್ನಾಯುವನ್ನು ಸಡಿಲಿಸಿ ಗಾಯಕ್ಕೆ ರಕ್ತ ಹರಿಯುವಂತೆ ಮಾಡುವುದೇ ಬೊಟಾಕ್ಸ್ ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಎರಡರ ಗುರಿ. ಆ ಸ್ನಾಯುವನ್ನು ಪಕ್ಕದಲ್ಲಿ ಸ್ವಲ್ಪ ಕತ್ತರಿಸುವ ಶಸ್ತ್ರಚಿಕಿತ್ಸೆಯಿಂದ ನೂರಕ್ಕೆ ಸುಮಾರು 90 ಮಂದಿಗೆ ಗುಣವಾಗುತ್ತದೆ. ಆದರೆ ಕೆಲವರಿಗೆ ಆಮೇಲೆ ವಾಯು ತಡೆಯುವುದು ಕಷ್ಟ, ಅಪರೂಪಕ್ಕೆ ಮಲವೂ ಸೋರುತ್ತದೆ. ಕತ್ತರಿಸಿದ್ದನ್ನು ಮೊದಲಿನಂತೆ ಮಾಡಲಾಗದು. ಬೊಟಾಕ್ಸ್ ಪ್ರಭಾವ ಸುಮಾರು 3 ತಿಂಗಳಲ್ಲಿ ಇಳಿಯುತ್ತದೆ; ಸೋರಿಕೆಯಾದರೂ ಸಾಮಾನ್ಯವಾಗಿ ತಾತ್ಕಾಲಿಕ, ಬಿರುಕು ಮರುಕಳಿಸುವುದು ಮಾತ್ರ ಹೆಚ್ಚು. ಎರಡು ಸಹಜ ಹೆರಿಗೆ, ಒಮ್ಮೆ ಆಳದ ಹೊಲಿಗೆ ಎಂದಿದ್ದೀರಲ್ಲ, ನನ್ನ ಮಟ್ಟಿಗೆ ಅದೇ ನಿರ್ಣಾಯಕ. ಸ್ನಾಯು ಆಗಲೇ ದುರ್ಬಲವಾಗಿರಬಹುದು. ಮೊದಲು ಬೊಟಾಕ್ಸ್ ಬಗ್ಗೆ ಮಾತಾಡಿ. ಕತ್ತರಿಸಲೇಬೇಕೆಂದರೆ ಮುನ್ನ ಸ್ನಾಯುವಿನ ಬಲ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ. ಮಲ ಮೆದುವಾಗಿಸುವ ಇಸಬ್‌ಗೋಲ್ ಅಂತೂ ಬಿಡಬೇಡಿ.